ಬೋರ್ಡಿನಲ್ಲಿ 'ವೈನ್ಸ್', ಬಾಟಲಿಯಲ್ಲಿ ಏನು?

ಕರ್ನಾಟಕದ ಯಾವ ತಾಲ್ಲೂಕು ಕೇಂದ್ರದಲ್ಲಿ ಬಸ್ಸಿನಿಂದ ಇಳಿದರೂ 'ವೈನ್ಸ್' ಎಂಬ ಬೋರ್ಡು ಕಾಣಲು ಬಹಳ ದೂರ ನಡೆಯಬೇಕಿಲ್ಲ. ಊರಿನ ಹಿರಿಯರು ಅದೇ ಅಂಗಡಿಯನ್ನು 'ಬ್ರಾಂದಿ ಅಂಗಡಿ' ಎನ್ನುತ್ತಾರೆ. ಎರಡೂ ಹೆಸರುಗಳು ಪೂರ್ತಿ ನಿಜವಲ್ಲ. ಅಲ್ಲಿ ಮಾರಾಟವಾಗುವುದರಲ್ಲಿ ವೈನಿನ ಪಾಲು ತೀರಾ ಕಡಿಮೆ. ಬ್ರಾಂದಿ ಎಂದು ಚೀಟಿ ಅಂಟಿಸಿದ ಬಾಟಲಿಯಲ್ಲೂ ಅನೇಕ ವೇಳೆ ದ್ರಾಕ್ಷಿಗಿಂತ ಬೇರೆ ಮೂಲದ ಸ್ಪಿರಿಟ್ಟೇ ಹೆಚ್ಚು.

ಈ ಹೆಸರುಗಳ ಗೊಂದಲ ಕುಡಿಯುವವರಿಗೂ ಇದೆ, ಕುಡಿಯದವರಿಗೂ ಇದೆ. 'ನಮ್ಮವರು ಬರೀ ಬಿಯರ್ ತಗೊಳ್ಳೋದು' ಎಂದು ಮನೆಯವರು ಸಮಾಧಾನ ಪಡುವುದುಂಟು. 'ಹೆಂಡ ಮರದ್ದು, ಏನೂ ಆಗಲ್ಲ' ಎನ್ನುವವರಿದ್ದಾರೆ. ದುಬಾರಿ ವಿಸ್ಕಿ ಲಿವರಿಗೆ ತೊಂದರೆ ಮಾಡದು ಎಂಬ ನಂಬಿಕೆಯೂ ಇದೆ. ಇಂಥ ಮಾತುಗಳಲ್ಲಿ ಹುರುಳೆಷ್ಟು ಎಂದು ತಿಳಿಯಲು ನೂರಾರು ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಮೂರು ಪ್ರಶ್ನೆಗಳು ಸಾಕು. ಇದು ಯಾವ ಸಿಹಿಯಿಂದ ಹುಟ್ಟಿತು? ಭಟ್ಟಿ ಇಳಿಸಿದ್ದೋ, ಅಲ್ಲವೋ? ಇದರಲ್ಲಿ ಮದ್ಯಸಾರ ಎಷ್ಟು?

ಹುದುಗಿನ ಕೆಲಸ

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತದೆ. ಅದು ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಮದ್ಯದ ಮೂಲವೂ ಅಂಥದ್ದೇ ಒಂದು ಕೆಲಸ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತದೆ. ನೊರೆ ಬರುವುದು ಈ ಅನಿಲದಿಂದ, ಅಮಲು ಬರುವುದು ಆ ಮದ್ಯಸಾರದಿಂದ. ಇದು ಜೀವಿಗಳ ಕೆಲಸವೆಂದು 19ನೆಯ ಶತಮಾನದಲ್ಲಿ ಖಚಿತವಾಗಿ ತೋರಿಸಿದವನು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್. ಅದಕ್ಕೂ ಸಾವಿರಾರು ವರ್ಷ ಮೊದಲೇ, ಕಾರಣ ತಿಳಿಯದೆಯೇ, ಜನ ಈ ಕೆಲಸವನ್ನು ಮಾಡಿಸಿಕೊಳ್ಳುತ್ತಿದ್ದರು.

ನಮ್ಮ ನಾಡಿಗೆ ಹೆಚ್ಚು ಪರಿಚಿತವಾದದ್ದು ಹೆಂಡ. ಸೇಂದಿ, ಕಳ್ಳು ಎಂದೂ ಅದನ್ನು ಕರೆಯುತ್ತಾರೆ. ಈಚಲು ಮರದ ಕಾಂಡವನ್ನು ಮೇಲ್ಭಾಗದಲ್ಲಿ ಕೆತ್ತಿ, ತೆಂಗು, ತಾಳೆ, ಬೈನೆ ಮರಗಳಾದರೆ ಹೂಗೊಂಚಲಿನ ತುದಿ ಕೊಯ್ದು, ಒಸರುವ ಸಿಹಿ ರಸವನ್ನು ಮಡಕೆಗೆ ಹಿಡಿಯುತ್ತಾರೆ. ಹುದುಗು ಬಾರದಂತೆ ಮಡಕೆಯ ಒಳಗೆ ಸುಣ್ಣ ಬಳಿದು ಇಳಿಸಿದರೆ ಅದು ನೀರಾ. ಅದರಲ್ಲಿ ಅಮಲಿಲ್ಲ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿನ, ಮಡಕೆಯಲ್ಲಿನ ಯೀಸ್ಟ್ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಸಿ ಅದನ್ನು ಹೆಂಡವಾಗಿಸುತ್ತದೆ. ಇನ್ನಷ್ಟು ಹೊತ್ತು ಬಿಟ್ಟರೆ ವಿನೆಗರಿನಂತೆ ಹುಳಿಯಾಗಿ ಬಾಯಿಗಿಡಲಾಗದು. ಹೀಗಾಗಿ ಹೆಂಡ ಇಳಿಸಿದ ಊರಿನಲ್ಲೇ, ಇಳಿಸಿದ ದಿನವೇ ಮುಗಿಯಬೇಕಾದ ಪಾನೀಯ. ಈಡಿಗರು, ಬಿಲ್ಲವರು ಮುಂತಾದ ಸಮುದಾಯಗಳಿಗೆ ಮರ ಹತ್ತುವ ಈ ಕಸುಬು ತಲೆಮಾರುಗಳ ಅನ್ನವಾಗಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನೇ ಇದ್ದ. ಜಿ.ಪಿ. ರಾಜರತ್ನಂ ಅವರ ರತ್ನ ಕುಡಿದು ಹಾಡಿದ್ದೂ ಹೆಂಡವನ್ನೇ.

ಮದ್ಯವನ್ನು ಮೂಲದಿಂದ ಗುರುತಿಸುವ ಪದ್ಧತಿ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೇ ಒಂದು ಅಧ್ಯಾಯವಿದೆ. ಅಕ್ಕಿಯಿಂದ ಮಾಡುವ ಮೇದಕ, ದ್ರಾಕ್ಷಿ ರಸದ ಮಧು, ಜೊತೆಗೆ ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ ಎಂದು ಅಲ್ಲಿ ಬಗೆಗಳನ್ನು ವಿಂಗಡಿಸಲಾಗಿದೆ. ಇವುಗಳಲ್ಲಿ ಆಸವ, ಅರಿಷ್ಟ ಎಂಬ ಹೆಸರುಗಳು ಆಯುರ್ವೇದದ ಔಷಧಿ ಅಂಗಡಿಯಲ್ಲಿ ಇಂದಿಗೂ ಉಳಿದಿವೆ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ.

ಬಿಯರ್ ಮತ್ತು ವೈನ್

ಮರದ ರಸದಲ್ಲಿ, ಹಣ್ಣಿನಲ್ಲಿ ಸಕ್ಕರೆ ಸಿದ್ಧವಾಗಿಯೇ ಇದೆ. ಧಾನ್ಯದಲ್ಲಿ ಹಾಗಲ್ಲ, ಅಲ್ಲಿರುವುದು ಪಿಷ್ಟ. ಯೀಸ್ಟ್ ಅದನ್ನು ನೇರವಾಗಿ ತಿನ್ನಲಾರದು. ಅದಕ್ಕೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡುವ ಮನೆಗಳಿಗೆ ಈ ಕ್ರಮ ಹೊಸದಲ್ಲ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹೀಗೆ ಮೊಳಕೆ ಕಟ್ಟಿದ ಧಾನ್ಯವೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ಕದಡಿ ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸಿ, ಆರಿಸಿ ಯೀಸ್ಟ್ ಬೆರೆಸಿದರೆ ಬಿಯರ್. ಅದರ ಕಹಿ ಹಾಪ್ಸಿನದು. ತಂಪಿನಲ್ಲಿ ನಿಧಾನವಾಗಿ ಹುದುಗಿದ್ದು ಲಾಗರ್, ತುಸು ಬೆಚ್ಚಗೆ ಬೇಗ ಹುದುಗಿದ್ದು ಏಲ್. ನಮ್ಮ ಅಂಗಡಿಗಳಲ್ಲಿ ಸಿಗುವ ಬಿಯರಿನ ಬಹುಪಾಲು ಲಾಗರ್.

ಬಿಯರ್ ದಕ್ಷಿಣಕ್ಕೆ ಬಂದದ್ದು ಬ್ರಿಟಿಷ್ ಸಿಪಾಯಿಗಳ ಬೆನ್ನ ಹಿಂದೆ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿತು. ದಕ್ಷಿಣ ಭಾರತದ ಕೆಲವು ಹಳೆಯ ಬ್ರೂವರಿಗಳನ್ನು ಕೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟಿಷ್ ವ್ಯಕ್ತಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅದರ ಮೊದಲ ಭಾರತೀಯ ನಿರ್ದೇಶಕರಾಗಿ 1947ರಲ್ಲಿ ಬಂದವರು ವಿಠಲ ಮಲ್ಯ.

ವೈನ್ ಎಂದರೆ ಹುದುಗಿದ ದ್ರಾಕ್ಷಿ ರಸ, ಅಷ್ಟೆ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯೊಂದಿಗೇ ಹುದುಗಲು ಬಿಟ್ಟರೆ ಕೆಂಪು ವೈನ್, ಬರಿಯ ರಸವನ್ನು ಹಿಂಡಿ ಹುದುಗಿಸಿದರೆ ಬಿಳಿ. ಬಣ್ಣವಿರುವುದು ಸಿಪ್ಪೆಯಲ್ಲಿ. ಮುಚ್ಚಿದ ಬಾಟಲಿಯೊಳಗೆ ಎರಡನೆಯ ಬಾರಿ ಹುದುಗು ಬರಿಸಿ ಅನಿಲವನ್ನು ಅಲ್ಲೇ ಹಿಡಿದಿಟ್ಟರೆ ಶಾಂಪೇನಿನ ನೊರೆ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಸುತ್ತ ವೈನ್ ದ್ರಾಕ್ಷಿಯ ತೋಟಗಳಿವೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ವೈನ್ ಮಾಡುವ ರೂಢಿ ಹಳೆಯದು.

ಈ ಗುಂಪಿಗೆಲ್ಲ ಒಂದು ಮಿತಿಯಿದೆ. ಮದ್ಯಸಾರ ಶೇ 15ರ ಆಸುಪಾಸಿಗೆ ಬಂದರೆ ಅದನ್ನು ತಯಾರಿಸಿದ ಯೀಸ್ಟೇ ಬದುಕಲಾರದು. ಅದಕ್ಕಿಂತ ಕಡಕ್ ಬೇಕೆಂದರೆ ಎರಡನೆಯ ಕೆಲಸ ಶುರುವಾಗಬೇಕು.

ಭಟ್ಟಿಯ ಕೆಲಸ

ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ. ಹುದುಗಿದ ರಸವನ್ನು ಕಾಯಿಸಿದರೆ ಮೊದಲು ಏಳುವ ಆವಿಯಲ್ಲಿ ಮದ್ಯಸಾರವೇ ಹೆಚ್ಚು. ಆ ಆವಿಯನ್ನು ತಣಿಸಿ ಹನಿಹನಿಯಾಗಿ ಹಿಡಿಯುವುದೇ ಭಟ್ಟಿ ಇಳಿಸುವುದು. ಬೆವರಿನಂತೆ ಹನಿಯುವ ಇದಕ್ಕೆ ಅರಬರು 'ಅರಕ್', ಅಂದರೆ ಬೆವರು, ಎಂದು ಹೆಸರಿಟ್ಟರು. ಇಂಗ್ಲಿಷರು ನಮ್ಮ ಸಾರಾಯಿಯನ್ನು ಅರ್ರಾಕ್ ಎಂದದ್ದು ಅದರಿಂದಲೇ.

ಮೂಲ ಯಾವುದೆಂದು ಕೇಳಿದರೆ ಇಲ್ಲಿನ ಹೆಸರುಗಳೂ ಬಿಡಿಸಿಕೊಳ್ಳುತ್ತವೆ. ವೈನನ್ನು ಭಟ್ಟಿ ಇಳಿಸಿದರೆ ಬ್ರಾಂದಿ. 'ಸುಟ್ಟ ವೈನ್' ಎಂಬ ಡಚ್ ಮಾತಿನಿಂದ ಬಂದ ಹೆಸರದು. ಹಾಪ್ಸ್ ಇಲ್ಲದ ಬಿಯರಿನಂಥ ಧಾನ್ಯದ ಹುದುಗನ್ನು ಭಟ್ಟಿ ಇಳಿಸಿ ಓಕ್ ಮರದ ಪೀಪಾಯಿಯಲ್ಲಿಟ್ಟರೆ ವಿಸ್ಕಿ. ಗೇಲಿಕ್ ಭಾಷೆಯಲ್ಲಿ ಅದರ ಮೂಲ ಹೆಸರಿಗೆ 'ಜೀವಜಲ' ಎಂದರ್ಥ. ಕಬ್ಬಿನ ರಸ ಅಥವಾ ಕಾಕಂಬಿಯಿಂದ ರಮ್. ಧಾನ್ಯ ಅಥವಾ ಆಲೂಗಡ್ಡೆಯಿಂದ ಇಳಿಸಿ, ರುಚಿ ವಾಸನೆ ಉಳಿಯದಷ್ಟು ಶುದ್ಧ ಮಾಡಿದರೆ ವೋಡ್ಕಾ. ಅಂಥ ಸ್ಪಿರಿಟ್ಟಿಗೆ ಜುನಿಪರ್ ಕಾಯಿಯ ಘಮ ಸೇರಿಸಿದರೆ ಜಿನ್. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ಗೋವೆಯಲ್ಲಿ ಬೇರೂರಿ, ಅದರ ಹಣ್ಣಿನ ರಸ ಒಮ್ಮೆ ಭಟ್ಟಿ ಇಳಿದಾಗ ಉರಾಕ್, ಮತ್ತೊಮ್ಮೆ ಇಳಿದಾಗ ಫೆನ್ನಿ ಆಯಿತು. ಗೋವೆಯ ಗೇರು ಫೆನ್ನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಭಟ್ಟಿಯಿಂದ ಇಳಿದ ಸ್ಪಿರಿಟ್ ನೀರಿನಂತೆ ಬಣ್ಣವಿಲ್ಲದ್ದು. ವಿಸ್ಕಿಯ ಹೊಂಬಣ್ಣ, ಅದರ ರುಚಿಯ ಬಹುಭಾಗ ಮರದ ಪೀಪಾಯಿಯ ಕೊಡುಗೆ. ಸ್ಕಾಚ್ ಎನಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲೇ ಕನಿಷ್ಠ ಮೂರು ವರ್ಷ ಓಕ್ ಪೀಪಾಯಿಯಲ್ಲಿ ಕೂರಬೇಕು. ಅಲ್ಲಿನ ಚಳಿಯಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಹವೆಯಲ್ಲಿ ಈ ನಷ್ಟ ಶೇ 10ನ್ನೂ ಮೀರುತ್ತದೆ, ಆದರೆ ಮಾಗುವಿಕೆಯೂ ಅಷ್ಟೇ ಬೇಗ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ಬಾರ್ಲಿ ಮಾಲ್ಟಿನಿಂದಲೇ ತಯಾರಿಸಿದ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರುಕಟ್ಟೆಗೆ ಬಿಟ್ಟದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ.

ಒಂದೇ ಸ್ಪಿರಿಟ್, ಹಲವು ಚೀಟಿ

ಆದರೆ ಸಾಮಾನ್ಯ ಗಿರಾಕಿಯ ಕೈಗೆ ಬರುವ ವಿಸ್ಕಿ ಇದಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದರಲ್ಲಿ ಇನ್ನೂ ಸಾಕಷ್ಟು ಸಿಹಿಯಿದೆ, ಬೆಲೆ ಅಗ್ಗ. ಅದನ್ನು ಹುದುಗಿಸಿ, ಎತ್ತರದ ಸ್ತಂಭಗಳಲ್ಲಿ ಮತ್ತೆ ಮತ್ತೆ ಭಟ್ಟಿ ಇಳಿಸಿ, ರುಚಿಯಿಲ್ಲದ ಶುದ್ಧ ಸ್ಪಿರಿಟ್ ಮಾಡುತ್ತಾರೆ. ಈಚೆಗೆ ಧಾನ್ಯದಿಂದಲೂ ಇದನ್ನು ತೆಗೆಯುವುದು ಹೆಚ್ಚಿದೆ. ಇದಕ್ಕೆ ನೀರು, ಬಣ್ಣ, ಪರಿಮಳ, ಕೆಲವೊಮ್ಮೆ ಒಂದಿಷ್ಟು ಅಸಲಿ ಮಾಲ್ಟ್ ವಿಸ್ಕಿ ಬೆರೆಸಿದರೆ ಬಾಟಲಿಗೆ ವಿಸ್ಕಿಯ ಚೀಟಿ. ಬೇರೆ ಪರಿಮಳ ಬೆರೆತರೆ ಬ್ರಾಂದಿ. ಕಾಕಂಬಿಯಿಂದ ಬಂದ ವಿಸ್ಕಿಯನ್ನು ಐರೋಪ್ಯ ಒಕ್ಕೂಟದ ದೇಶಗಳಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ, ಅಲ್ಲಿ ಅದು ರಮ್ಮಿನ ನೆಂಟ.

ಇದೇ ಕಾಕಂಬಿ ಸ್ಪಿರಿಟ್ಟಿಗೆ ನೀರು ಬೆರೆಸಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಮಾರಿದಾಗ ಅದು ಸಾರಾಯಿ. ಕೂಲಿಯ ಹಣವೆಲ್ಲ ಪ್ಯಾಕೆಟ್ಟಿಗೆ ಹೋಗುತ್ತಿದೆ ಎಂದು ಹೆಂಗಸರು ಊರೂರುಗಳಲ್ಲಿ ದನಿ ಎತ್ತಿದ್ದರು. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಪ್ಯಾಕೆಟ್ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್, ಬ್ರಾಂದಿಯ ಪುಟ್ಟ ಪೆಟ್ಟಿಗೆಗಳು ಬಂದವು. ಹೆಸರು ಬದಲಾಯಿತು, ಬೆಲೆ ಏರಿತು. ಸ್ಪಿರಿಟ್ಟಿನ ಮೂಲ ಬಹುಮಟ್ಟಿಗೆ ಬದಲಾಗಲಿಲ್ಲ.

ಲೋಟದ ಲೆಕ್ಕ

ಮೂರನೆಯ ಪ್ರಶ್ನೆ ಮದ್ಯಸಾರ ಎಷ್ಟು ಎಂಬುದು. ಹೆಂಡದಲ್ಲಿ ಅದು ಸುಮಾರು ಶೇ 5, ಸಾಧಾರಣ ಬಿಯರಿನಲ್ಲೂ ಅಷ್ಟೇ. 'ಸ್ಟ್ರಾಂಗ್' ಬಿಯರಿನಲ್ಲಿ ಶೇ 8ರವರೆಗೆ. ವೈನಿನಲ್ಲಿ ಶೇ 11ರಿಂದ 14. ವಿಸ್ಕಿ, ರಮ್, ಬ್ರಾಂದಿ ಬಾಟಲಿಯ ಮೇಲೆ ಶೇ 42.8 ಎಂಬ ವಿಚಿತ್ರ ಸಂಖ್ಯೆ ಇರುತ್ತದೆ. ಇದು ಬ್ರಿಟಿಷರ ಕಾಲದ ಲೆಕ್ಕ. ಸ್ಪಿರಿಟ್ಟಿನಲ್ಲಿ ನೆನೆಸಿದ ಮದ್ದಿನಪುಡಿಗೆ ಬೆಂಕಿ ಹತ್ತಿಕೊಂಡರೆ ಅದು ಕಡಕ್ ಎಂಬುದಕ್ಕೆ 'ಪ್ರೂಫ್' ಅಥವಾ ಪುರಾವೆ ಎಂದು ಹೇಳುತ್ತಿದ್ದರಂತೆ. ಮುಂದೆ ಅದನ್ನು ಶೇ 57.1 ಎಂದು ನಿಗದಿ ಮಾಡಿದರು. ಅದರ ಮುಕ್ಕಾಲು ಭಾಗವೇ ಈ 42.8.

ಒಂದು ಸಣ್ಣ ಪೆಗ್ ಎಂದರೆ 30 ಮಿಲಿಲೀಟರ್. ಅದರಲ್ಲಿರುವ ಶುದ್ಧ ಮದ್ಯಸಾರ ಸುಮಾರು 10 ಗ್ರಾಂ. ಹೆಚ್ಚುಕಡಿಮೆ ಅಷ್ಟೇ ಮದ್ಯಸಾರ 100 ಮಿಲಿಲೀಟರ್ ವೈನಿನಲ್ಲಿ, ಒಂದು ದೊಡ್ಡ ಲೋಟ ಹೆಂಡದಲ್ಲಿ ಇರುತ್ತದೆ. 650 ಮಿಲಿಲೀಟರಿನ ಒಂದು ಬಾಟಲಿ ಸಾಧಾರಣ ಬಿಯರ್ ಎಂದರೆ ಎರಡೂವರೆ ಸಣ್ಣ ಪೆಗ್. ಶೇ 8ರ ಸ್ಟ್ರಾಂಗ್ ಬಿಯರ್ ಆದರೆ ನಾಲ್ಕು. 'ಬರೀ ಬಿಯರ್' ಎಂಬ ಸಮಾಧಾನದ ಬೆಲೆ ಇಷ್ಟು.

ಲಿವರ್ ಬಾಟಲಿಯ ಚೀಟಿಯನ್ನು ಓದುವುದಿಲ್ಲ. ಯಾವ ಹೆಸರಿನಲ್ಲಿ ಒಳಗೆ ಹೋದರೂ ಅದಕ್ಕೆ ಕಾಣುವುದು ಒಂದೇ ಮದ್ಯಸಾರ. ಗಂಟೆಗೆ ಸುಮಾರು ಒಂದು ಸಣ್ಣ ಪೆಗ್ಗಿನಷ್ಟನ್ನು ಮಾತ್ರ ಅದು ಕರಗಿಸಬಲ್ಲದು. ಮಜ್ಜಿಗೆ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸದು. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧ ಎನ್ನುವ ಕಾನೂನೂ ಕುಡಿದದ್ದು ಬಿಯರೋ ವಿಸ್ಕಿಯೋ ಎಂದು ಕೇಳುವುದಿಲ್ಲ. ಮದ್ಯಸಾರ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿ ಮಾಡಿತ್ತು. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಚೀಟಿಯೇ ಇಲ್ಲದ ಬಾಟಲಿ

ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗದ ಮದ್ಯವೂ ಒಂದಿದೆ. ಅದು ಕಳ್ಳಭಟ್ಟಿ. ಸಾಮೂಹಿಕ ಸಾವುಗಳು ಸಂಭವಿಸುವುದು ಹೆಚ್ಚಾಗಿ ಹುದುಗು ಕೆಟ್ಟದ್ದರಿಂದಲ್ಲ, ಕಾರ್ಖಾನೆ ಬಳಕೆಯ ಮಿಥೈಲ್ ಆಲ್ಕೋಹಾಲನ್ನು ಯಾರೋ ಕಲಬೆರಕೆ ಮಾಡಿದ್ದರಿಂದ. ಕುಡಿಯುವ ಮದ್ಯಸಾರಕ್ಕೂ ಇದಕ್ಕೂ ನಾಲಿಗೆಯಾಗಲಿ ಮೂಗಾಗಲಿ ವ್ಯತ್ಯಾಸ ಹೇಳಲಾರದು. ಒಳಗೆ ಹೋದ ಮೇಲೆ ಲಿವರ್ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಕಣ್ಣಿನ ನರಗಳು ಮೊದಲು ಸೋಲುತ್ತವೆ.

1981ರಲ್ಲಿ ಬೆಂಗಳೂರಿನಲ್ಲಿ ಹೀಗೆ ನೂರಾರು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ, ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿಯ ಕಡೆ ನೂರೈವತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಸಾವು ಸಂಭವಿಸಿತು. ಎಲ್ಲ ಕಡೆಯೂ ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು, ಬಡವರು.

ಈ ವಿಷಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಿದೆ, ಆದರೆ ಅದು ಬೇಗ ಸಿಗಬೇಕು. ತೊಂದರೆಯೆಂದರೆ ಕುಡಿದ ಮೇಲೆ ಹಲವು ಗಂಟೆಗಳವರೆಗೆ ಮಾಮೂಲಿ ಅಮಲಿನಂತೆಯೇ ತೋರುತ್ತದೆ. ಮರುದಿನ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ, ಕಣ್ಣು ಮಂಜಾಯಿತು ಎಂದರೆ, 'ರಾತ್ರಿ ಕುಡಿದದ್ದು ಇನ್ನೂ ಇಳಿದಿಲ್ಲ' ಎಂದು ಮಲಗಿಸಬಾರದು. ಏನು ಕುಡಿದದ್ದು, ಎಲ್ಲಿಂದ ತಂದದ್ದು ಎಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಮನೆಯಲ್ಲಿ ಒಬ್ಬರಾದರೂ ಕುಡಿಯುವವರಿದ್ದರೆ, ಕುಡಿಯದ ಉಳಿದವರು ಮೊದಲು ತಿಳಿದಿರಬೇಕಾದ ಮಾತು ಇದು.