ಹನ್ನೊಂದನೆಯ ದಿನ

ಬರ್ಮಾದಲ್ಲಿ ವರ್ತಕರಾಗಿದ್ದ ಸತ್ಯನಾರಾಯಣ ಗೋಯೆಂಕಾ ಅವರು ತೀವ್ರವಾದ ಅರೆತಲೆನೋವಿನಿಂದ ಬಳಲಿ, 1955ರಲ್ಲಿ ರಂಗೂನಿನ ಧ್ಯಾನಾಚಾರ್ಯ ಸಯಾಜಿ ಊ ಬಾ ಖಿನ್ ಅವರನ್ನು ಕಂಡರು. ತಲೆನೋವಿನ ಉಪಶಮನವೊಂದೇ ಉದ್ದೇಶವಾದರೆ ಬರುವುದು ಬೇಡವೆಂದು ಆಚಾರ್ಯರು ಮೊದಲು ನಿರಾಕರಿಸಿದರಂತೆ. ಅದೇ ಗೋಯೆಂಕಾ 1969ರಲ್ಲಿ ವಿಪಶ್ಯನೆಯನ್ನು ಭಾರತಕ್ಕೆ ತಂದರು. 1976ರಿಂದ ಇಗತ್‌ಪುರಿಯ ಧಮ್ಮಗಿರಿಯಲ್ಲಿ ಶಿಬಿರಗಳು ನಡೆದುಬಂದಿವೆ.

ಕಸಾರಾ ಘಾಟನ್ನೇರಿ ಅಲ್ಲಿಗೆ ಹೋಗುವ ಮುಂಬಯಿ ಕನ್ನಡಿಗರೂ ಉಂಟು. ನಸುಕಿನ ನಾಲ್ಕಕ್ಕೆ ಏಳಬೇಕು, ಮೌನ, ದಿನಕ್ಕೆ ಸುಮಾರು ಹತ್ತು ಗಂಟೆಗಳ ಧ್ಯಾನ, ರಾತ್ರಿಯ ಊಟವಿಲ್ಲ. ಮೊದಲ ಮೂರೂವರೆ ದಿನ ಸಹಜವಾದ ಉಸಿರನ್ನು ಗಮನಿಸುವ ಆನಾಪಾನ, ಅನಂತರ ದೇಹದ ಸಂವೇದನೆಗಳನ್ನು ಸಮಚಿತ್ತದಿಂದ ನೋಡುವ ವಿಪಶ್ಯನೆ. ಮನೆಯಲ್ಲಿ ಕಾಲು ಗಂಟೆಯೂ ನೆಲದ ಮೇಲೆ ಕುಳಿತು ರೂಢಿಯಿಲ್ಲದವರಿಗೆ ಮೊಣಕಾಲೇ ಮೊದಲ ಗುರು! ಆದ್ದರಿಂದ ತಿಂಗಳ ಮೊದಲೇ ಕುಳಿತು ಅಭ್ಯಾಸ ಮಾಡಿಕೊಳ್ಳುವುದು ಲೇಸು. ರಕ್ತದೊತ್ತಡ, ಮಧುಮೇಹಗಳ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಮನೋರೋಗಕ್ಕೆ ಚಿಕಿತ್ಸೆ ಪಡೆದವರು ಅದನ್ನು ಮುಚ್ಚಿಟ್ಟು ಶಿಬಿರ ಸೇರುವುದು ಅಪಾಯಕರ.

ಇಷ್ಟಾದರೂ ನಿಜವಾದ ಪರೀಕ್ಷೆ ಮನೆಗೆ ಮರಳುವ ಹನ್ನೊಂದನೆಯ ದಿನದಿಂದ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕುಳಿತುಕೊಳ್ಳಬೇಕೆಂಬುದು ನಿಯಮ. ಒಂದೇ ಕೋಣೆಯ ಮನೆ, ತಪ್ಪಿಸಲಾಗದ ಲೋಕಲ್ ಗಾಡಿ, ಪಕ್ಕದ ಮನೆಯ ಟೀವಿ! ತಿಂಗಳೊಳಗೆ ಸಂಜೆಯ ಗಂಟೆ ಕರಗುತ್ತದೆ. ಆಗ ಬೆಳಗಿನದನ್ನಾದರೂ ಬಿಗಿಯಾಗಿ ಹಿಡಿಯಬೇಕು. ವಾರಕ್ಕೊಮ್ಮೆ ಇತರ ಸಾಧಕರೊಡನೆ ಕುಳಿತರೆ ಅಭ್ಯಾಸ ಸಡಿಲವಾಗದು. ಗಂಡ ಕಣ್ಮುಚ್ಚಿದಾಗ ಮಕ್ಕಳನ್ನು ಸುಮ್ಮನಿರಿಸುವವಳು ಹೆಂಡತಿ; ಆಕೆಗೂ ಒಂದು ಗಂಟೆ ಬೇಡವೇ? ಬೆಳಿಗ್ಗೆ ಆತ, ಸಂಜೆ ಆಕೆ ಎಂದು ಹಂಚಿಕೊಂಡ ಮನೆಯಲ್ಲಿ, ಸಂಜೆ ಕುಕ್ಕರಿನ ಕೂಗನ್ನು ಎಣಿಸುವ ಕೆಲಸ ಆತನದು.