ಜೀಪಿನ ಚಕ್ರದ ಸ್ಟಡ್ ಮುರಿದಾಗ

ನಮ್ಮ ಸಂಘದ ಸದಸ್ಯ ಬಾಂಧವರಲ್ಲಿ ಅನೇಕರ ಮನೆಯಂಗಳದಲ್ಲಿ ಇಂದಿಗೂ ಒಂದು ಹಳೆಯ ಜೀಪು ಇದೆ. ಗೊಬ್ಬರ ತರುವುದು, ಕಾಫಿ ಹಣ್ಣು ಕಣಕ್ಕೆ ಸಾಗಿಸುವುದು, ಅಡಿಕೆ ಚೀಲ ಮಂಡಿಗೆ ಒಯ್ಯುವುದು, ಅಪರಾತ್ರಿಯಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲವೂ ಅದರಿಂದಲೇ. ಎಂಜಿನ್ನಿಗೆ ಎಣ್ಣೆ ಬದಲಿಸುವುದನ್ನು ನಾವು ಮರೆಯುವುದಿಲ್ಲ. ಆದರೆ ಚಕ್ರವನ್ನು ಹಿಡಿದಿರುವ ಐದು ಸ್ಟಡ್‌ಗಳ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ನಾವೂ ಹಾಯಿಸಿರಲಿಲ್ಲ. ಅದರ ಫಲವನ್ನು ಊರಿನಿಂದ ಬಹು ದೂರದಲ್ಲಿ ಉಂಡೆವು. ಆ ಅನುಭವ ಇತರರಿಗೆ ಉಪಯೋಗವಾಗಲೆಂದು ಈ ಲೇಖನ.

ಮನೆಯವರೊಂದಿಗೆ ಮಂತ್ರಾಲಯಕ್ಕೆ ಹೊರಟಿದ್ದೆವು. ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಸಾಗುವಾಗ ಹಿಂದಿನ ಎಡಚಕ್ರದಿಂದ ಟಕ್ ಟಕ್ ಎಂಬ ಸದ್ದು ಕೇಳಲಾರಂಭಿಸಿತು. ಟಯರಿಗೆ ಕಲ್ಲು ಸಿಕ್ಕಿರಬೇಕೆಂದು ಅಲಕ್ಷ್ಯ ಮಾಡಿದೆವು. ಕಲ್ಮಲ ಊರು ಇನ್ನೇನು ಬಂತು ಎನ್ನುವಾಗ ಪಕ್ಕದಲ್ಲಿ ಹತ್ತಿ ತುಂಬಿಕೊಂಡು ಬಂದ ಟ್ರ್ಯಾಕ್ಟರಿನವನು ಕೈ ಬೀಸಿ, "ಗಾಡಿ ನಿಲ್ಲಸ್ರಿ ಸಾಹೇಬ್ರ, ಗಾಲಿ ಅಲಗ್ಯಾಡಕ್ಕತ್ತೈತ್ರಿ" ಎಂದು ಕೂಗಿದನು. ಇಳಿದು ನೋಡಿದರೆ ಐದು ಸ್ಟಡ್‌ಗಳಲ್ಲಿ ಎರಡು ಮುರಿದು ಹೋಗಿದ್ದವು. ಮೂರನೆಯದರ ನಟ್ಟು ಬೆರಳಿನಲ್ಲೇ ತಿರುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು ಕುಳಿತಿದ್ದರು. ಆ ಟ್ರ್ಯಾಕ್ಟರಿನವನ ಉಪಕಾರವನ್ನು ಮರೆಯುವಂತಿಲ್ಲ.

ರಾಯಚೂರಿನಿಂದ ಬಂದ ಫಿಟ್ಟರು ವಯಸ್ಸಾದವರು. ಚಕ್ರ ಬಿಚ್ಚಿದೊಡನೆ ನಮಗೆ ಎರಡು ವಸ್ತು ತೋರಿಸಿದರು. ಒಂದು, ಚಕ್ರಕ್ಕೂ ಡ್ರಮ್ಮಿಗೂ ನಡುವೆ ಹಪ್ಪಳದಷ್ಟು ದಪ್ಪಕ್ಕೆ ಒಣಗಿ ಕುಳಿತಿದ್ದ ನಮ್ಮ ತೋಟದ ಕೆಂಪು ಮಣ್ಣು. ಎರಡನೆಯದು, ಮುರಿದ ಸ್ಟಡ್‌ಗಳ ಮುಖ. ಒಂದರ ಮುಖ ಪೂರ್ತಿ ತುಕ್ಕು ಹಿಡಿದಿತ್ತು, ಅಂದರೆ ಅದು ಮುರಿದು ಬಹಳ ದಿನವಾಗಿತ್ತು. ಇನ್ನೊಂದರ ಮುಖ ಅರ್ಧ ಕಪ್ಪಾಗಿ ನುಣುಪಾಗಿತ್ತು, ಉಳಿದರ್ಧ ಹೊಸದಾಗಿ ಮುರಿದ ಬೆಲ್ಲದಚ್ಚಿನಂತೆ ತರಿತರಿಯಾಗಿ ಹೊಳೆಯುತ್ತಿತ್ತು. ಬಿರುಕು ಮೊದಲೇ ಬಿದ್ದು, ದಿನದಿನವೂ ಬೆಳೆದು, ಉಳಿದ ಭಾಗ ಆ ದಿನ ಒಮ್ಮೆಗೇ ಹರಿದಿತ್ತು. "ಇದನ್ನ ರಸ್ತೆ ಮುರದಿಲ್ರಿ, ನಿಮ್ಮ ಪೈಪು ಮುರದೈತಿ" ಎಂದರು. ಅವರ ಮಾತು ನಿಜ. ಊರಿನಲ್ಲಿ ಚಕ್ರ ಬದಲಿಸುವಾಗ ಪಾನಾಕ್ಕೆ ಮೂರಡಿ ನೀರಿನ ಪೈಪು ತೂರಿಸಿ, ಅದರ ಮೇಲೆ ಆಳನ್ನು ನಿಲ್ಲಿಸಿ ಬಿಗಿ ಮಾಡಿಸಿದ್ದವರು ನಾವೇ.

ಸ್ಟಡ್ ಏಕೆ ಮುರಿಯುತ್ತದೆ?

ಗಾಡಿಯ ಭಾರವೆಲ್ಲ ಸ್ಟಡ್‌ಗಳ ಮೇಲೆ ನಿಂತಿದೆ ಎಂದು ನಾವು ತಿಳಿದಿರುತ್ತೇವೆ. ಅದು ಸರಿಯಲ್ಲ. ನಟ್ಟು ಬಿಗಿಯಾದಾಗ ಸ್ಟಡ್ ಕೂದಲೆಳೆಯಷ್ಟು ಉದ್ದವಾಗಿ, ಸ್ಪ್ರಿಂಗಿನಂತೆ ಚಕ್ರವನ್ನು ಡ್ರಮ್ಮಿಗೆ ಅವುಚಿ ಹಿಡಿಯುತ್ತದೆ. ಭಾರವನ್ನು ಹೊರುವುದು ಆ ಎರಡು ಮುಖಗಳ ನಡುವಿನ ಹಿಡಿತ. ಹಿಡಿತ ಸಡಿಲವಾದರೆ ಚಕ್ರ ಡ್ರಮ್ಮಿನ ಮೇಲೆ ಜಾರಾಡುತ್ತದೆ, ಸ್ಟಡ್ ಪ್ರತಿ ಸುತ್ತಿಗೂ ಅತ್ತಿತ್ತ ಬಾಗುತ್ತದೆ. ಜೀಪಿನ 6.00-16 ಟಯರು ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ಸುತ್ತುತ್ತದೆ. ನೂರು ಕಿಲೋಮೀಟರಿಗೆ 45,000 ಬಾಗು. ತಂತಿಯನ್ನು ಅತ್ತಿತ್ತ ಬಾಗಿಸಿ ಮುರಿಯುವುದನ್ನು ಬೇಲಿ ಕಟ್ಟುವ ನಮಗೆ ಹೇಳಿಕೊಡಬೇಕಾಗಿಲ್ಲ.

ಹಿಡಿತ ಹೋಗಲು ಮುಖ್ಯ ಕಾರಣಗಳು ಇವು:

1. ಚಕ್ರದ ಹಿಂಬದಿಯಲ್ಲಿ ಮಣ್ಣು, ತುಕ್ಕು, ದಪ್ಪ ಬಣ್ಣ ಇರುವುದು. ಓಡಿದಂತೆ ಅದು ಪುಡಿಯಾಗಿ ಉದುರುತ್ತದೆ, ನಟ್ಟು ತಾನಾಗಿ ಸಡಿಲವಾಗುತ್ತದೆ.

2. ಅತಿಯಾಗಿ ಬಿಗಿಯುವುದು. ಅರ್ಧ ಇಂಚಿನ ಸ್ಟಡ್‌ಗೆ ಸಾಮಾನ್ಯವಾಗಿ ಬೇಕಾದ ಬಿಗಿ 65ರಿಂದ 90 ಅಡಿ-ಪೌಂಡು, ಅಂದರೆ 9ರಿಂದ 12 ಕಿಲೋಗ್ರಾಂ-ಮೀಟರು. ಒಂದೂವರೆ ಅಡಿ ಉದ್ದದ ಪಾನಾದ ತುದಿಯನ್ನು ಸುಮಾರು 23 ಕಿಲೋ ಬಲದಿಂದ ಒತ್ತಿದರೆ 75 ಅಡಿ-ಪೌಂಡು ಆಯಿತು. ಒಬ್ಬ ಆಳಿನ ಕೈಬಲ ಧಾರಾಳ ಸಾಕು. ಅದೇ 60 ಕಿಲೋ ತೂಕದ ಆಳು ಮೂರಡಿ ಪೈಪಿನ ತುದಿಯಲ್ಲಿ ನಿಂತರೆ ಸುಮಾರು 400 ಅಡಿ-ಪೌಂಡು ಆಗುತ್ತದೆ. ಬೇಕಾದ್ದಕ್ಕಿಂತ ಐದು ಪಾಲು! ಸ್ಟಡ್ ಅಲ್ಲೇ ಮುರಿಯದಿದ್ದರೂ ಎಳೆದ ಸ್ಪ್ರಿಂಗು ಮರಳಿ ಬಾರದಂತೆ ಅದರ ಶಕ್ತಿ ಹೋಗಿರುತ್ತದೆ. ಗಾಳಿಯ ಗನ್ನಿನಿಂದ ಅಳತೆಯಿಲ್ಲದೆ ಬಿಗಿಯುವುದೂ ಇದೇ ದೋಷ.

3. ಥ್ರೆಡ್‌ಗೆ ಗ್ರೀಸು ಹಚ್ಚಿ ಬಿಗಿಯುವುದು. ಜಾರುವ ಥ್ರೆಡ್ಡಿನಲ್ಲಿ ಅದೇ ಕೈಬಲಕ್ಕೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ. ಕೈಪಿಡಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ ಥ್ರೆಡ್ ಶುಚಿಯಾಗಿ, ಒಣಗಿದ್ದರೆ ಸರಿ.

4. ಉಲ್ಟಾ ಥ್ರೆಡ್ ತಿಳಿಯದೆ ಬಲಪ್ರಯೋಗ ಮಾಡುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಎಡಗಡೆಯ ಉಲ್ಟಾ ಥ್ರೆಡ್

ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಎಡಬದಿಯ ಚಕ್ರಗಳಿಗೆ ಉಲ್ಟಾ ಥ್ರೆಡ್ಡಿನ ಸ್ಟಡ್‌ಗಳಿದ್ದವು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರ ಕಂಪನಿಯವರು ಜೋಡಿಸಲಾರಂಭಿಸಿದ್ದು ಆ ವಿಲ್ಲೀಸ್ ವಂಶದ ಗಾಡಿಗಳನ್ನೇ. ಸಡಿಲವಾದ ನಟ್ಟು ಸ್ಟಡ್ಡಿನ ಸುತ್ತ ಉರುಳುತ್ತ ತಾನೇ ಬಿಚ್ಚಿಕೊಳ್ಳುತ್ತದೆ. ಎಡಬದಿಯಲ್ಲಿ ಥ್ರೆಡ್ ಉಲ್ಟಾ ಇದ್ದರೆ ಹಾಗೆ ಬಿಚ್ಚಿಕೊಳ್ಳುವ ಬದಲು ಬಿಗಿಯುವ ಕಡೆಗೆ ಸಾಗುತ್ತದೆ ಎಂಬುದು ಆಗಿನವರ ಲೆಕ್ಕ. ಶಂಖುವಿನಾಕಾರದ ಮುಖವಿರುವ ನಟ್ಟು ತನ್ನ ಕುಳಿಯಲ್ಲಿ ಸರಿಯಾಗಿ ಕುಳಿತರೆ ಈ ಏರ್ಪಾಡು ಬೇಕಿಲ್ಲವೆಂದು ಮುಂದೆ ಕಂಡುಬಂತು. ಆದ್ದರಿಂದ ಈಚಿನ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ನೇರ ಥ್ರೆಡ್ ಇರುತ್ತದೆ.

ನೆನಪಿಡಲು ಸುಲಭ ಸೂತ್ರವಿದೆ. ಮೂಲ ಸ್ಟಡ್‌ಗಳಿರುವ ಹಳೆಯ ಜೀಪಿನಲ್ಲಿ, ಗಾಡಿ ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೆ ನಟ್ಟು ತಿರುಗಿಸಿದರೆ ಬಿಗಿ, ಅದರ ವಿರುದ್ಧ ತಿರುಗಿಸಿದರೆ ಸಡಿಲ. ಉಲ್ಟಾ ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಕೆತ್ತಿರುತ್ತದೆ. ತಂತಿಬ್ರಶ್ಶಿನಿಂದ ಉಜ್ಜಿದರೆ ಕಾಣುತ್ತದೆ. ಆದರೆ ನಲವತ್ತು ಐವತ್ತು ವರ್ಷ ಹಲವು ಕೈ ದಾಟಿದ ಗಾಡಿಯಲ್ಲಿ ಯಾರು ಏನು ಬದಲಿಸಿದ್ದಾರೋ ಹೇಳಲಾಗದು. ಒಂದೇ ಹಬ್ಬಿನಲ್ಲಿ ಎರಡು ಬಗೆಯವು ಸಿಕ್ಕರೂ ಆಶ್ಚರ್ಯವಿಲ್ಲ. ಆದುದರಿಂದ ಪ್ರತಿಯೊಂದನ್ನೂ ನೋಡಿಯೇ ಪಾನಾ ಹಾಕಬೇಕು. ಪಂಕ್ಚರಿನ ಹುಡುಗನಿಗೂ ಮೊದಲೇ ಹೇಳಬೇಕು.

ಬದಲಿಸುವ ಕ್ರಮ

ಮೊದಲು ಒಂದು ಎಚ್ಚರಿಕೆ. ಹಳೆಯ ಜೀಪಿನ ಹ್ಯಾಂಡ್‌ಬ್ರೇಕು ಚಕ್ರಗಳನ್ನಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲಬಿಟ್ಟರೆ ಡಿಫರೆನ್ಷಿಯಲ್ ಮೂಲಕ ಅದು ಸುಮ್ಮನೆ ತಿರುಗುತ್ತದೆ. ಹ್ಯಾಂಡ್‌ಬ್ರೇಕು ಎಳೆದಿದ್ದರೂ, ಗೇರಿನಲ್ಲಿಟ್ಟಿದ್ದರೂ ಗಾಡಿ ಉರುಳಬಹುದು. ಆದ್ದರಿಂದ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ ಆಮೇಲೆ ಜಾಕ್ ಏರಿಸಬೇಕು. ಆಕ್ಸಲಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಬೇಕು. ಜಾಕನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದು.

ಚಕ್ರ ತೆಗೆದ ಮೇಲೆ ಡ್ರಮ್ಮು. ಕೆಲವು ಗಾಡಿಗಳಲ್ಲಿ ಅದು ಸಣ್ಣ ಸ್ಕ್ರೂಗಳಿಂದ ನಿಂತಿದ್ದು ಸುಲಭವಾಗಿ ಬರುತ್ತದೆ. ಹಳೆಯವುಗಳಲ್ಲಿ ಸ್ಟಡ್ಡಿನ ಕುತ್ತಿಗೆಯನ್ನೇ ಬಡಿದು ಅಗಲಿಸಿ ಡ್ರಮ್ಮನ್ನು ಹಬ್ಬಿಗೆ ಕೂಡಿಸಿರುತ್ತಾರೆ. ಆಗ ಹಬ್ಬು, ಡ್ರಮ್ಮು ಒಟ್ಟಿಗೇ ಬಿಚ್ಚಬೇಕು. ಮುಂದಿನ ಚಕ್ರವಾದರೆ ಬೇರಿಂಗುಗಳನ್ನು ತೆಗೆದ ಕ್ರಮದಲ್ಲೇ ಶುಚಿ ಬಟ್ಟೆಯ ಮೇಲೆ ಜೋಡಿಸಿಡಿ. ಹೊಸ ಗ್ರೀಸು, ಹೊಸ ಸೀಲು ಹಾಕಲು ಇದೇ ಸಮಯ. ಹಿಂದಿನ ಹಬ್ಬು ಕೆಲವು ಜೀಪುಗಳಲ್ಲಿ ಮೊನಚಾದ ಆಕ್ಸಲಿಗೆ ಕೀಲಿ ಹಾಕಿ, ದೊಡ್ಡ ನಟ್ಟಿನಿಂದ ಕೂಡಿಸಿದ್ದಾಗಿರುತ್ತದೆ. ಅದಕ್ಕೆ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಿಂದ ಬಡಿದರೆ ಬೇರಿಂಗು ಹಾಳು. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಡುಕು. ಒದ್ದೆ ಬಟ್ಟೆಯಿಂದ ಒರೆಸಿ.

ಮುರಿದ ಸ್ಟಡ್ ತೆಗೆಯಲು ಪ್ರೆಸ್ಸು ಇರುವ ವರ್ಕ್‌ಶಾಪಿಗೆ ಹಬ್ಬನ್ನು ಒಯ್ಯುವುದೇ ಮೇಲು. ಕುತ್ತಿಗೆ ಅಗಲಿಸಿದ ಬಗೆಯದಾದರೆ ಆ ಅಂಚನ್ನು ಮೊದಲು ಕತ್ತರಿಸಿ ತೆಗೆಯಬೇಕು. ಹಾಗೆ ಮಾಡದೆ ಒತ್ತಿದರೆ ಡ್ರಮ್ಮಿನ ರಂಧ್ರ ದೊಡ್ಡದಾಗುತ್ತದೆ. ಹಬ್ಬಿಗೆ ಹಿಂದಿನಿಂದ ಸ್ಟಡ್ಡಿನ ಸುತ್ತಲೇ ಆಸರೆ ಕೊಟ್ಟು ಒತ್ತಬೇಕು. ಗ್ಯಾಸಿನಿಂದ ಕಾಯಿಸುವುದು ಬೇಡ.

ಹೊಸ ಸ್ಟಡ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಉದ್ದ, ಹಲ್ಲುಗೆರೆಯ ದಪ್ಪ, ಥ್ರೆಡ್ಡಿನ ದಿಕ್ಕು ಮೂರೂ ಹೊಂದಬೇಕು. ವಿಲ್ಲೀಸ್ ವಂಶದ ಜೀಪಿನದು ಅರ್ಧ ಇಂಚು, ಇಂಚಿಗೆ 20 ಥ್ರೆಡ್ಡು. 12 ಮಿಲಿಮೀಟರಿನ ಸ್ಟಡ್ ಕಣ್ಣಿಗೆ ಅದರಂತೆಯೇ ಕಾಣುತ್ತದೆ. ಆದರೆ ಅರ್ಧ ಇಂಚೆಂದರೆ 12.7 ಮಿಲಿಮೀಟರು. ದೊಡ್ಡ ನಟ್ಟು ಸಣ್ಣ ಸ್ಟಡ್ಡಿನ ಮೇಲೆ ಹತ್ತಿದಂತೆ ತೋರಿದರೂ ಹಿಡಿತವಿರುವುದಿಲ್ಲ.

ಸ್ಟಡ್ಡಿನ ಹಲ್ಲುಗೆರೆ ಹಬ್ಬಿನ ರಂಧ್ರದಲ್ಲಿ ಕಚ್ಚಿ ಕೂರಬೇಕು. ಪ್ರೆಸ್ಸು ಸಿಗದಿದ್ದರೆ ದಪ್ಪ ವಾಷರುಗಳನ್ನು ಪೇರಿಸಿ, ಹಳೆಯ ನಟ್ಟಿನಿಂದ ನಿಧಾನವಾಗಿ ಎಳೆದು, ತಲೆ ಹಬ್ಬಿಗೆ ಪೂರ್ತಿ ತಾಗುವ ತನಕ ಕೂರಿಸಬಹುದು. ಆ ನಟ್ಟನ್ನು ಮತ್ತೆ ಚಕ್ರಕ್ಕೆ ಬಳಸಬೇಡಿ. ಸ್ಟಡ್ ರಂಧ್ರದಲ್ಲಿ ಸುಮ್ಮನೆ ತಿರುಗಿದರೆ ಕೆಲವರು ವೆಲ್ಡಿಂಗ್ ಮಾಡಿಬಿಡುತ್ತಾರೆ. ಅದು ಸರ್ವಥಾ ಕೂಡದು. ಹದ ಮಾಡಿದ ಉಕ್ಕು ಆ ಕಾವಿಗೆ ತನ್ನ ಹದ ಕಳೆದುಕೊಳ್ಳುತ್ತದೆ. ಆಗ ಹಬ್ಬನ್ನೇ ಬದಲಿಸಬೇಕು.

ಎಷ್ಟು ಬದಲಿಸಬೇಕು? ಒಂದು ಮುರಿದಿದ್ದರೆ ಅದರ ಜೊತೆಗೆ ಎಡಬಲದ ಎರಡನ್ನೂ ಬದಲಿಸಿ. ಮುರಿದ ಗೆಳೆಯನ ಭಾರವನ್ನು ಹೊತ್ತು ಅವು ಬಳಲಿರುತ್ತವೆ. ಎರಡು ಅಥವಾ ಹೆಚ್ಚು ಮುರಿದಿದ್ದರೆ ಐದನ್ನೂ ಬದಲಿಸಿ. ಚಕ್ರದ ರಂಧ್ರ ಮೊಟ್ಟೆಯಾಕಾರವಾಗಿದ್ದರೆ, ರಂಧ್ರದ ಸುತ್ತ ಬಿರುಕಿದ್ದರೆ ಆ ಚಕ್ರವನ್ನು ಗುಜರಿಗೆ ಹಾಕಿ. ಅದನ್ನು ಸ್ಟೆಪ್ನಿಯಾಗಿಯೂ ಇಡಬೇಡಿ.

ಬಿಗಿಯುವ ಮೊದಲು ಡ್ರಮ್ಮು, ಚಕ್ರ ಎರಡರ ಮುಖವನ್ನೂ ತಂತಿಬ್ರಶ್ಶಿನಿಂದ ಲೋಹ ಕಾಣುವಂತೆ ಉಜ್ಜಿ. ನಟ್ಟಿನ ಮೊನಚು ಮುಖ ಒಳಗಡೆಗೆ ಇರಲಿ. ಸುತ್ತಿನ ಕ್ರಮದಲ್ಲಿ ಬಿಗಿಯದೆ ಒಂದು ಬಿಟ್ಟು ಒಂದರಂತೆ 1, 3, 5, 2, 4 ಎಂದು, ಎರಡು ಮೂರು ಸಲದಲ್ಲಿ ಪೂರ್ತಿ ಬಿಗಿಗೆ ತನ್ನಿ. ಕೊನೆಯ ಬಿಗಿ ಚಕ್ರ ನೆಲಕ್ಕಿಳಿದ ಮೇಲೆ. 50ರಿಂದ 100 ಕಿಲೋಮೀಟರು ಓಡಿದ ನಂತರ ಮತ್ತೊಮ್ಮೆ ನೋಡಬೇಕು. ಹೊಸ ಸ್ಟಡ್ ಒಂದಿಷ್ಟು ಒಳಗೆ ಕೂರುವುದು ಸಹಜ.

ಮುಂಚಿತವಾಗಿ ತಿಳಿಯುವುದು ಹೇಗೆ?

ನಟ್ಟಿನ ಬುಡದಿಂದ ಕೆಂಪು ತುಕ್ಕಿನ ಗೆರೆ ಹೊರಟಿದ್ದರೆ, ಒಂದೇ ನಟ್ಟು ಪದೇ ಪದೇ ಸಡಿಲವಾಗುತ್ತಿದ್ದರೆ, ನಿಧಾನವಾಗಿ ಹೋಗುವಾಗ ಟಕ್ ಟಕ್ ಸದ್ದಿದ್ದರೆ, ಆ ದಿನವೇ ಚಕ್ರ ಬಿಚ್ಚಿ ನೋಡಿ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಚಕ್ರದ ಮೇಲಕ್ಕೆ ಬಿಳಿ ಬಣ್ಣದ ಒಂದು ಗೀಟು ಎಳೆದಿಟ್ಟರೆ, ನಟ್ಟು ಕದಲಿದ್ದು ದೂರದಿಂದಲೇ ತಿಳಿಯುತ್ತದೆ. ಡಬ್ಬಿಯಲ್ಲಿ ಎರಡೆರಡು ನೇರ, ಉಲ್ಟಾ ಸ್ಟಡ್‌ಗಳನ್ನು ನಟ್ಟು ಸಮೇತ ಬೇರೆ ಬೇರೆ ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿ.

ಆ ದಿನ ಕಲ್ಮಲದ ರಸ್ತೆ ಬದಿಯ ಬೇವಿನ ಮರದಡಿಯಲ್ಲಿ ನಮ್ಮವರೆಲ್ಲ ಸಂಜೆಯವರೆಗೆ ಕುಳಿತಿರಬೇಕಾಯಿತು. ಫಿಟ್ಟರು ಹಬ್ಬನ್ನು ರಾಯಚೂರಿಗೆ ಒಯ್ದು, ಐದೂ ಹೊಸ ಸ್ಟಡ್ ಹಾಕಿಸಿ ತಂದು ಕೂರಿಸಿದರು. ಹೊರಡುವಾಗ ನಮ್ಮ ಪೈಪನ್ನು ತೋರಿಸಿ, "ಇದನ್ನ ನೀರಿಗೇ ಇಡ್ರಿ" ಎಂದರು. ಈಗ ಆ ಪೈಪು ನಮ್ಮ ಮನೆಯ ಹಿತ್ತಲಿನ ತೊಟ್ಟಿಗೆ ನೀರು ಬಿಡುತ್ತಿದೆ.

ರಾಯಚೂರು ಸೀಮೆಯ ಬಯಲಿನಲ್ಲಿ ಹೀಗಾದದ್ದರಿಂದ ನಾವು ಉಳಿದೆವು. ಇದೇ ಚಾರ್ಮಾಡಿಯ ತಿರುವಿನಲ್ಲಿ, ಚೀಲದ ಮೇಲೆ ಆಳುಗಳು ಕುಳಿತಿರುವಾಗ ಆಗಿದ್ದರೆ? ಕೊಯ್ಲು ಶುರುವಾಗುವ ಮುನ್ನ ಸದಸ್ಯರು ಅರ್ಧ ದಿನ ಬಿಡುವು ಮಾಡಿಕೊಂಡು ನಾಲ್ಕೂ ಚಕ್ರ ಬಿಚ್ಚಿ ನೋಡಬೇಕೆಂದು ಕೋರುತ್ತೇವೆ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾ ಒಂದನ್ನು ಸಂಘದ ಗೊಬ್ಬರದ ಗೋದಾಮಿನಲ್ಲಿಟ್ಟು ಸರದಿಯ ಮೇಲೆ ಎಲ್ಲರಿಗೂ ಒದಗಿಸುವ ಸಲಹೆಯನ್ನು ಮುಂದಿನ ಸಭೆಯಲ್ಲಿ ಮಂಡಿಸುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ತಿಳಿಸಬೇಕಾಗಿ ವಿನಂತಿ.