ಜೀಪಿನ ಹಿಂದಿನ ಆಕ್ಸೆಲಿನ ಸೀಲೂ ಬ್ರೇಕೂ

ಮಲೆನಾಡಿನ ಜಮೀನುದಾರರಲ್ಲಿ ಅನೇಕರು ಅಡಿಕೆ, ಗೊಬ್ಬರ ಮುಂತಾದವುಗಳನ್ನು ಸಾಗಿಸಲು ಹಳೆಯ ಜೀಪುಗಳನ್ನು ಇಟ್ಟುಕೊಂಡಿರುವರಷ್ಟೆ. ಇವುಗಳ ಹಿಂದಿನ ಬ್ರೇಕು ಒಂದು ಪಕ್ಕದಲ್ಲಿ ಹಿಡಿಯದೆ ಹೋದರೆ ಹೊಸ ಷೂಗಳನ್ನು ಹಾಕಿಸಿ ಸುಮ್ಮನಾಗುವುದು ವಾಡಿಕೆ. ಆದರೆ ಸ್ವಲ್ಪ ಕಾಲದಲ್ಲಿಯೇ ಅವೂ ಕೆಡುವುದುಂಟು. ಏತಕ್ಕೆಂದರೆ, ದೋಷವಿರುವುದು ಷೂಗಳಲ್ಲಲ್ಲ, ಎಣ್ಣೆಯನ್ನು ತಡೆಯತಕ್ಕ ಸೀಲಿನಲ್ಲಿ. ಎಣ್ಣೆ ಹತ್ತಿದ ಲೈನಿಂಗು ಡ್ರಮ್ಮನ್ನು ಹಿಡಿಯಲಾರದು. ಆಗುಂಬೆಯಂತಹ ಘಾಟಿಯನ್ನು ಹೇರಿನೊಡನೆ ಇಳಿಯುವಾಗ ಇದರಿಂದ ಪ್ರಾಣಾಪಾಯವೇ ಒದಗಬಹುದು.

ಡ್ರಮ್ಮನ್ನು ತೆಗೆದೊಡನೆ ಒಳಗಿನ ಪಸೆ ಯಾವುದೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು. ಅದು ಮಂದವಾಗಿ ಗಂಧಕದ ವಾಸನೆಯುಳ್ಳದ್ದಾದರೆ ಗೇರಿನ ಎಣ್ಣೆ. ಸೀಲು ಸವೆದಿದೆಯೆಂದು ತಿಳಿಯಬಹುದು. ತೆಳ್ಳಗಿದ್ದು ವೀಲ್ ಸಿಲಿಂಡರಿನ ರಬ್ಬರಿನ ಕೆಳಗೆ ಕಂಡರೆ ಬ್ರೇಕಿನ ದ್ರವ. ಆಗ ಸೀಲನ್ನು ಬದಲಾಯಿಸಿ ಫಲವಿಲ್ಲ. ಆಕ್ಸೆಲಿನ ಹೌಸಿಂಗಿನ ಮೇಲೆ ಗಾಳಿಯಾಡಲು ಸಣ್ಣದೊಂದು ರಂಧ್ರವಿರುವುದು. ಅದು ಕೆಸರಿನಿಂದ ಮುಚ್ಚಿದ ಪಕ್ಷದಲ್ಲಿ, ಒಳಗೆ ಬಿಸಿಯಾದ ಗಾಳಿಯು ಬೇರೆ ದಾರಿ ಕಾಣದೆ ಎಣ್ಣೆಯನ್ನು ಸೀಲಿನಾಚೆಗೆ ತಳ್ಳುವುದು. ಹೊಸ ಸೀಲು ಸಹ ಸೋರುವುದಕ್ಕೆ ಇದೂ ಒಂದು ಕಾರಣವು. ಇದನ್ನು ನೋಡುವವರು ಮಾತ್ರ ವಿರಳ.

ಕೆಲಸಕ್ಕೆ ಸಮನಾದ ಗಟ್ಟಿ ನೆಲ ಬೇಕು. ಮುಂದಿನ ಗಾಲಿಗಳಿಗೆ ಎರಡು ಕಡೆಯೂ ಅಡ್ಡ ಕೊಟ್ಟು, ಹಿಂಭಾಗವನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕೊಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಕೂಡದು. ಇಟ್ಟಿಗೆಗಳು ಭಾರಕ್ಕೆ ಸೀಳುತ್ತವೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತಾದುದರಿಂದ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸತಕ್ಕದ್ದು. ಒಂದು ಪಕ್ಕವನ್ನು ಬಿಚ್ಚಿದಾಗ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಸ್ಪ್ರಿಂಗುಗಳ ಜೋಡಣೆಗೆ ಅದೇ ಮಾದರಿಯಾಗುವುದು.

ಆಕ್ಸೆಲನ್ನು ಹೊರತೆಗೆಯುವ ಕ್ರಮವು ಗಾಡಿಯಿಂದ ಗಾಡಿಗೆ ಭಿನ್ನವು. ಬೇರಿಂಗನ್ನು ಆಕ್ಸೆಲಿನ ಮೇಲೆ ಒತ್ತಿ ಕೂರಿಸಿರುವ ಗಾಡಿಗಳಲ್ಲಿ ಅಷ್ಟುಮಟ್ಟಿನ ಕೆಲಸವನ್ನು ಪ್ರೆಸ್ಸಿರುವ ಕಾರ್ಖಾನೆಗೆ ಒಪ್ಪಿಸುವುದೇ ಮೇಲು. ಸುತ್ತಿಗೆಯಿಂದ ಬಡಿದರೆ ಬೇರಿಂಗು ಹಾಳಾಗುವುದು. ಸೀಲು ಕೂರುವೆಡೆಯಲ್ಲಿ ಆಕ್ಸೆಲಿನ ಮೇಲೆ ಉಗುರು ಆಡಿಸಿ ನೋಡಬೇಕು. ಗೀರು ಉಗುರಿಗೆ ತಗುಲಿದರೆ ಹೊಸ ಸೀಲು ಬಾಳದು. ಸೀಲಿನ ಸ್ಪ್ರಿಂಗಿರುವ ಮುಖವನ್ನು ಎಣ್ಣೆಯ ಕಡೆಗೆ ತಿರುಗಿಸಿ, ಅಂಚಿಗೆ ಎಣ್ಣೆ ಸವರಿ, ಮರದ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸತಕ್ಕದ್ದು.

ಎಣ್ಣೆ ಕುಡಿದ ಷೂಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದಾಗಲಿ ಬೆಂಕಿಗೆ ಹಿಡಿಯುವುದಾಗಲಿ ನಿಷ್ಪ್ರಯೋಜಕ. ಬಿಸಿಗೆ ಒಳಗಿನ ಎಣ್ಣೆ ಮತ್ತೆ ಹೊರಬರುವುದು. ಎರಡು ಗಾಲಿಗಳಿಗೂ ಒಟ್ಟಿಗೆ ಹೊಸವನ್ನೇ ಹಾಕಬೇಕು. ಇಲ್ಲದಿದ್ದರೆ ಗಾಡಿಯು ಒಂದು ಕಡೆಗೆ ಎಳೆಯುವುದು. ಸಿಲಿಂಡರಿನ ರಬ್ಬರಿಗೆ ಪೆಟ್ರೋಲಾಗಲಿ ಸೀಮೆಎಣ್ಣೆಯಾಗಲಿ ತಾಕಕೂಡದು. ತಾಕಿದರೆ ಅದು ಉಬ್ಬಿಕೊಳ್ಳುವುದು. ಡಾಟ್ 3 ಎಂಬ ಬ್ರೇಕಿನ ದ್ರವವು ಹೊಸದಾಗಿದ್ದಾಗ 205 ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆಯಿಲ್ಲದ ಶಾಖವನ್ನು ಕುದಿಯದೆ ತಡೆಯಬೇಕೆಂಬುದು ನಿಯಮ. ತೇವ ಹೀರಿದ ಮೇಲೆ ಈ ಮಿತಿಯು 140ಕ್ಕೆ ಇಳಿಯುವುದು. ಆದುದರಿಂದ ಬಹುದಿನ ತೆರೆದಿಟ್ಟ ಡಬ್ಬಿಯದನ್ನು ಉಪಯೋಗಿಸಬಾರದು.

ಸಿಲಿಂಡರನ್ನು ಬಿಚ್ಚಿದ್ದರೆ ಕೊಳವೆಯ ಗಾಳಿಯನ್ನು ಪೂರ್ಣವಾಗಿ ಬಿಟ್ಟು, ಪೆಡಲು ಗಟ್ಟಿಯಾಗಿ ನಿಲ್ಲುವುದನ್ನು ನೋಡಿಕೊಂಡು, ಗೇರಿನ ಎಣ್ಣೆಯನ್ನು ಅಳತೆಗೆ ತುಂಬಿ, ಬರಿಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು. ವಾರದ ನಂತರ ಗಾಲಿಗಳ ಒಳಮುಖವನ್ನು ಮತ್ತೊಮ್ಮೆ ನೋಡಿ, ಅಲ್ಲಿ ಪಸೆಯಿಲ್ಲದಿದ್ದಲ್ಲಿ ಮಾತ್ರ ಹೇರು ಹೊರಿಸತಕ್ಕದ್ದು.